ಅಕ್ಕೋರ ಸೆರಗಿನೊಳಗಿನ ಬೀಗ

ಬಾದಾಮಿಯಿಂದ ಫೋನ್ ಬಂದಾಗ ನಾನು ಬಾಗಿಲಿಗೆ ಬೀಗ ಹಾಕಿ ಜಗ್ಗಿ ನೋಡುತ್ತಿದ್ದೆ. ಒಮ್ಮೆ ಜಗ್ಗಿದರೆ ನನಗೆ ಸಮಾಧಾನವಿಲ್ಲ. ಓಣಿಯ ತಿರುವಿನ ತನಕ ಹೋಗಿ, ಏನೋ ಮರೆತವಳಂತೆ ತಿರುಗಿ ಬಂದು, ಮತ್ತೊಮ್ಮೆ ಜಗ್ಗಿದ ಮೇಲೆಯೇ ಶಾಲೆಗೆ ಹೋಗುವವಳು ನಾನು. ಓಣಿಯ ಹುಡುಗರಿಗೂ ಇದು ಗೊತ್ತು. ತಿರುವಿನಲ್ಲಿ ನನ್ನ ಕಾಲು ನಿಧಾನವಾದರೆ ಸಾಕು, "ಟೀಚರ್, ಇನ್ನೊಮ್ಮೆ ನೋಡಿ ಬರ್ರಿ" ಎಂದು ಅವರೇ ನೆನಪಿಸುತ್ತಾರೆ.

ಫೋನ್ ಮಾಡಿದವಳು ಅಕ್ಕೋರ ತಂಗಿಯ ಮಗಳು. "ಮೌಶಿ ಹೋದಳ್ರಿ. ಮುಂಜಾನೆ ಚಹಾ ಕುಡದು ಹಂಗ ಗ್ವಾಡಿಗೆ ಒರಗಿದಾಕಿ ಏಳಲಿಲ್ಲ. ದಿನಕರ್ಮ ಎಲ್ಲಾ ಮುಗೀತು. ಗದ್ದಲದಾಗ ನಿಮಗ ತಿಳಸೂದು ಉಳದುಬಿಡ್ತು" ಎಂದಳು. ನಾನು ಬೀಗ ಬಿಟ್ಟು ಹೊಸ್ತಿಲ ಮೇಲೆ ಕೂತೆ. ಅವಳೇ ದನಿ ತಗ್ಗಿಸಿ ಮುಂದುವರಿಸಿದಳು. "ಇವತ್ತು ಅಕಿ ಟ್ರಂಕ್ ತಗದಿವ್ರಿ. ಒಳಗ ಬರೇ ಕೀಲಿ ಅವ. ಎಲ್ಲಾ ಹಾಕಿದ್ದು, ಒಂದಕ್ಕೂ ಕೀಲಿಕೈ ಇಲ್ಲ. ಬಿಡಿ ಕೀಲಿಕೈ ಅಂತ ಸಿಕ್ಕದ್ದು ಒಂದೇ ಒಂದು, ಅದು ಯಾವ ಕೀಲಿಗೂ ಹತ್ತವಲ್ದು. ನಮ್ಮ ಮನ್ಯಾಗ ಎಲ್ಲಾರಿಗೂ ಅಂಜಿಕಿ ಬಂದದ. ಏನ್ರಿ ಇದು?"

"ಅಂಜಬ್ಯಾಡ್ರಿ" ಎಂದೆ. ಅಂಜಬೇಡಿ ಎಂದು ನಾನು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲಿರಬೇಕು.

ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುವಂತೆ, ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಆದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಬರಿದೆ 'ಅಕ್ಕೋರು' ಎಂದರೆ ನಮ್ಮ ಎದುರು ಮನೆಯವರು ಮಾತ್ರ. ಗಣಿತ ಕಲಿಸುತ್ತಿದ್ದರು. ನಾನು ಅದೇ ಶಾಲೆಗೆ ಕನ್ನಡ ಕಲಿಸಲು ಸೇರಿದ ವರ್ಷವೇ ನಿವೃತ್ತರಾದರು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಎತ್ತರದ ಆಳು, ಕಡ್ಡಿಯಂಥ ಮೈ. ಎಷ್ಟೋ ವರ್ಷ ಸುಣ್ಣದಕಡ್ಡಿ ಹಿಡಿದು ಬಲಗೈ ಹೆಬ್ಬೆರಳಿನ ತುದಿ ಬೆಳ್ಳಗಾಗಿಬಿಟ್ಟಿತ್ತು. ತರಗತಿಯಲ್ಲಿ ಹುಡುಗಿಯರಿಗೆ ಏಟು ಕೊಟ್ಟವರಲ್ಲ. ಲೆಕ್ಕ ಬಾರದವಳ ಪಕ್ಕ ಸುಮ್ಮನೆ ನಿಂತುಬಿಡುತ್ತಿದ್ದರಂತೆ, ಅವಳಿಗೆ ಅದು ಹೊಳೆಯುವ ತನಕ. ಅದಕ್ಕಿಂತ ಏಟೇ ವಾಸಿಯಿತ್ತು ಎಂದು ಅವರ ಹಳೆಯ ವಿದ್ಯಾರ್ಥಿನಿಯರು ಈಗಲೂ ಹೇಳುತ್ತಾರೆ.

ಸಂಜೆಯಾದರೆ ಅಕ್ಕೋರು ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಸೀರೆಯ ಕೆಂಪು ಸೆರಗನ್ನು ಎರಡೂ ಕೈ ಮುಚ್ಚುವಂತೆ ಉಡಿಗೆ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ, ಕಣ್ಣು ಮುಚ್ಚುತ್ತಿದ್ದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಓಣಿಯ ಮಂದಿ ಅದನ್ನು ಜಪ ಎಂದುಕೊಂಡಿದ್ದರು. ಸೈಕಲ್ಲಿನವರು ಗಂಟೆ ಬಾರಿಸದೆ ದಾಟುತ್ತಿದ್ದರು. ದೇಸಾಯರ ಮನೆಯ ಅಜ್ಜನೊಬ್ಬ ದೂರದಿಂದಲೇ ಕೈಮುಗಿದು ಹೋಗುವುದನ್ನು ನಾನೇ ನೋಡಿದ್ದೇನೆ.

ಒಂದು ದಿನ ಬಟ್ಟಲು ವಾಪಸು ಕೊಡಲು ಹೋದಾಗ ಅಕ್ಕೋರ ಸೆರಗು ಜಾರಿತು. ಉಡಿಯಲ್ಲಿ ಜಪಮಣಿ ಇರಲಿಲ್ಲ. ಹಿತ್ತಾಳೆಯ ಬೀಗವೊಂದಿತ್ತು. ಅದರ ಬಾಯಿಯಲ್ಲಿ ಎರಡು ತೆಳ್ಳನೆಯ ಉಕ್ಕಿನ ಕಡ್ಡಿಗಳಿದ್ದವು. ನಾನು ನೋಡುತ್ತಿದ್ದಂತೆಯೇ 'ಟಕ್' ಎಂದು ಬೀಗ ಬಾಯಿ ಬಿಟ್ಟಿತು. ಗೊತ್ತಿಲ್ಲದೆಯೇ ತಿರುಗಿ ನಮ್ಮ ಬಾಗಿಲು ನೋಡಿದೆ.

"ನೋಡಿದಿ?" ಅಕ್ಕೋರು ನಕ್ಕರು. "ಮೊದಲ ನಿನ್ನ ಬಾಗಲಾ ನೋಡಿದಿ. ಯಾರಿದ್ರೂ ಹಂಗ ನೋಡ್ತಾರ. ಅದಕ್ಕs ನಾ ಸೆರಗಿನ್ಯಾಗ ಇಟಗೊಂಡು ಕೂಡ್ತೇನಿ. ಊರಿಗೆ ಗೊತ್ತಾತಂದ್ರ ಎಲ್ಲೆ ಕಳುವಾದ್ರೂ ಪೊಲೀಸರು ನನ್ನ ಮನೀಗೇ ಬರ್ತಾರ."

ಇದು ಅವರಿಗೆ ನಿವೃತ್ತಿಯ ಮೇಲೆ ಹತ್ತಿದ ಚಟ. ಮೊಬೈಲಿನಲ್ಲಿ ಬರಿಯ ಕೈ ಮಾತ್ರ ಕಾಣುವ ಯಾವನೋ ಪರದೇಶದವನ ವಿಡಿಯೊ ನೋಡಿ ಕಲಿತದ್ದು. ಕಡ್ಡಿಗಳನ್ನು ಕಾರಿನ ಗಾಜೊರೆಸುವ ಹಳೆಯ ವೈಪರ್ ಪಟ್ಟಿಯೊಳಗಿನ ಉಕ್ಕಿನಿಂದ ತಾವೇ ತಿಕ್ಕಿ ಮಾಡಿಕೊಂಡು, ಎಲೆಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡಿದ್ದರು. ಸಂತೆಯಲ್ಲಿ ಬೀಗ ಕೊಂಡ ಕೂಡಲೇ ಅದರ ಕೀಲಿಕೈಗಳನ್ನು ಬಾವಿಗೆ ಎಸೆಯುತ್ತಿದ್ದರು, ಆಸೆ ಹುಟ್ಟಬಾರದೆಂದು. ಅವರಿಗೆ ಎರಡೇ ನೇಮ. ತನ್ನದಲ್ಲದ ಬೀಗ ಮುಟ್ಟಬಾರದು. ಬಾಗಿಲ ಮೇಲಿರುವ ಬೀಗವನ್ನಂತೂ, ಅದು ತನ್ನದೇ ಬಾಗಿಲಾದರೂ, ಮುಟ್ಟಬಾರದು.

ನೇಮ ಕೇಳಿ ಧೈರ್ಯ ಬರಬೇಕಿತ್ತು. ನನಗೆ ನಿದ್ದೆಯೇ ಹೋಯಿತು. ನಾನು ಭಯಪಟ್ಟದ್ದು ಅಕ್ಕೋರಿಗಲ್ಲ, ಅಥವಾ ಪೂರ್ತಿ ಅಕ್ಕೋರಿಗಲ್ಲ. ಅಷ್ಟು ದಿನ ನಂಬಿದ ವಸ್ತುವೊಂದು ಎರಡು ಕಡ್ಡಿಗೆ ಬಾಯಿ ಬಿಡುತ್ತದಲ್ಲ ಎಂದು. "ನಮ್ಮ ಮನಿಗೆ ಕಳ್ಳ ಬಂದ್ರ, ಪಾಪ ಅಂತ ತಾನs ಏನರೆ ಇಟ್ಟು ಹೋಗ್ತಾನ, ಮಲಕೋ" ಎಂದು ಯಜಮಾನರು ಚೇಷ್ಟೆ ಮಾಡುತ್ತಿದ್ದರು. ಅವರು ಹುನಗುಂದದ ಕಚೇರಿಗೆ ಬಸ್ಸಿನಲ್ಲಿ ಹೋಗಿ ಬರುವವರು, ದಣಿದು ಬಂದು ಬಿದ್ದರೆ ಬೆಳಗೇ. ಕತ್ತಲೆಯಲ್ಲಿ ಕಿವಿ ನಿಮಿರಿಸಿ ಮಲಗುವವಳು ನಾನೊಬ್ಬಳೇ.

ನನಗೆ ಇನ್ನೊಂದು ಭಯವೂ ಇತ್ತು, ನಮ್ಮ ಅತ್ತೆ. ಅವರಿಗೆ ಮರೆವು ಹತ್ತಿತ್ತು. ಮಗನ ಮುಖ ಕೆಲವು ದಿನ ಗೊತ್ತಾಗುತ್ತಿತ್ತು, ಕೆಲವು ದಿನ ಇಲ್ಲ. ಒಮ್ಮೆ ಬಾಗಿಲು ತೆರೆದಿದ್ದಾಗ ಹೊರಬಿದ್ದು ಬಸ್ ನಿಲ್ದಾಣಕ್ಕೆ ನಡೆದು, ಬಾದಾಮಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ಶಿವಯೋಗ ಮಂದಿರಕ್ಕೆ ಹೊರಟಿದ್ದರಂತೆ. ಕಂಡಕ್ಟರನಿಗೆ ಅನುಮಾನ ಬರದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದ್ದು ಬಾಗಿಲು ನೋಡುತ್ತೇನೆ. ಅಂದಿನಿಂದ ಹೊಸ್ತಿಲು ದಾಟಿದರೆ ಬೀಗ, ಕಸ ಚೆಲ್ಲಲು ಹೋದರೂ ಬೀಗ. ನಾನು ಶಾಲೆಯಲ್ಲಿರುವಾಗ ಅಕ್ಕೋರು ಎದುರು ಕಟ್ಟೆಯಿಂದ ಕಿಟಕಿಯೊಳಗೆ ಕಣ್ಣಿಟ್ಟಿರುತ್ತಿದ್ದರು. ಅತ್ತೆ ಮರೆಯದೆ ಉಳಿಸಿಕೊಂಡ ಕೆಲಸ ಒಂದೇ ಇತ್ತು. ಸಂಜೆ ಮಸೀದಿಯಿಂದ ಬಾಂಗ್ ಕೇಳಿದರೆ "ಬಾಂಗ್ ಕೂಗ್ತು, ದೀಪಾ ಹಚ್ಚಬೇಕು" ಎಂದು ಎದ್ದು ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಅದೊಂದು ದಿನವೂ ತಪ್ಪಿರಲಿಲ್ಲ.

ಕಡೆಗೆ ನಾನೇ ಅಕ್ಕೋರನ್ನು ಕೇಳಿದೆ, "ನಿಮಗ ಬರಲಾರದ ಕೀಲಿ ಯಾವುದರೆ ಐತೇನ್ರಿ?"

ಅವರು ನನ್ನ ಮುಖ ನೋಡಿದರು. ಏಕೆ ಕೇಳಿದೆನೆಂದು ತಿಳಿಯಿತು, ಬೇಸರ ಮಾಡಿಕೊಳ್ಳಲಿಲ್ಲ. ಬಾಗಲಕೋಟೆಗೆ ಹೋದಾಗ ಒಂದು ಭಾರವಾದ ಬೀಗ ತಂದರು. ಕೀಲಿಕೈ ಇಲ್ಲದೆಯೂ ಒತ್ತಿದರೆ ಮುಚ್ಚಿಕೊಳ್ಳುವಂಥದ್ದು, ತೆರೆಯಲು ಮಾತ್ರ ಕೀಲಿಕೈ ಬೇಕು. ಕೆಲವು ಸಂಜೆ ಅದರೊಡನೆ ಗುದ್ದಾಡಿ, "ಇದು ನನಗೂ ಭಾಳ ಹೊತ್ತು ಹಿಡೀತದ. ಬಂದ್ರ ಬಂತು, ಇಲ್ಲಂದ್ರ ಇಲ್ಲ. ನೀ ಇದನ್ನ ಹಾಕ್ಕೋ" ಎಂದು ಕೊಟ್ಟರು. ಇದರ ಕೀಲಿಕೈಗಳು ಮಾತ್ರ ಬಾವಿಗೆ ಬಿದ್ದಿರಲಿಲ್ಲ.

ಓಣಿಯಲ್ಲಿ ಯಾರೇ ಪರಊರಿಗೆ ಹೋದರೂ ಮನೆಯ ಕೀಲಿಕೈ ಅಕ್ಕೋರಿಗೆ ಕೊಟ್ಟು ಹೋಗುವುದು ರೂಢಿ. ಅವರ ಪಡಸಾಲೆಯ ಗೋಡೆಗೆ ಮೊಳೆಗಳ ಸಾಲೇ ಇತ್ತು. ನಾನೂ ಒಂದು ಕೊಡಲು ಹೋದೆ. ಅವರು ನನ್ನ ಮುಷ್ಟಿ ಮಡಿಚಿದರು. "ಒಂದು ನೀ ಇಟಗೋ, ಒಂದು ನಿನ್ನ ಗಂಡಗ ಕೊಡು. ನನ್ನ ಕಡೆ ಬ್ಯಾಡ. ನಿನ್ನ ಅಂಜಿಕಿ ಪೂರ್ತಿ ಹೋಗಲಿ."

ಆ ಬೀಗದ ಒಳಗೇನಿದೆ ಎಂದು ಅವರು ಹೇಳಿದ್ದು ನೆನಪಿದೆ. ಸಾದಾ ಬೀಗದ ಪಿನ್ನುಗಳು ಪೆನ್ಸಿಲ್ ತುಂಡಿನಂತೆ ನೆಟ್ಟಗಿರುತ್ತವೆ. ಒಂದು ಕಡ್ಡಿಯಿಂದ ತಿರುಗಿಸುವಂತೆ ಒತ್ತಿ ಹಿಡಿದು, ಇನ್ನೊಂದರಿಂದ ಅವನ್ನು ಒಂದೊಂದಾಗಿ ಎತ್ತಿದರೆ ಬೀಗ ತಿರುಗುತ್ತದೆ. ಒಳ್ಳೆಯ ಬೀಗದಲ್ಲಿ ಕೆಲವು ಪಿನ್ನುಗಳ ನಡುವನ್ನು ಡಮರುಗದಂತೆ ಕೊರೆದಿರುತ್ತಾರೆ. "ಈ ನಡಾ ಸಣ್ಣಿನಕಿ ಭಾಳ ಠಕ್ಕಿ. ಕೀಲಿ ಒಂದೀಟು ತಿರಗತದ, ಬಂದುಬಿಡ್ತು ಅನಸ್ತದ. ಬಂದಿರಂಗಿಲ್ಲ. ಅಕಿ ಅಲ್ಲೇ ನಡಾ ಸಿಗಿಸಿಕೊಂಡು ಕೂತಿರ್ತಾಳ. ಇನ್ನ ಬಿಗಿ ಹಿಡದ್ರ ಮುಗೀತು, ಏಳಂಗೇ ಇಲ್ಲ. ಆವಾಗ ಕೈ ಸಡಲ ಬಿಡಬೇಕು. ಬಂದದ್ದು ಹೋದ್ರ ಹೋಗವಲ್ದ್ಯಾಕ ಅಂತ ಹಿಂದಕ್ಕ ತಿರಗಗೊಡಬೇಕು. ಆಗ ಏಳ್ತಾಳ."

ನನ್ನ ಕೈಗೂ ಕೊಟ್ಟು ನೋಡಿದರು. ಗಟ್ಟಿ ಹಿಡಿಯುವುದು ಬಿಟ್ಟು ನನ್ನ ಬೆರಳಿಗೆ ಬೇರೇನೂ ಬರಲಿಲ್ಲ. "ನಿನ್ನ ಕೈ ತುಂಬ ಅಂಜಿಕಿ ಅದ, ತಂಗಿ" ಎಂದರು. ನಾಚಿಕೆಯಾಯಿತು. "ನಾ ಏನ ಧೈರ್ಯವಂತಿ ಅಂತ ತಿಳದೀ? ಒಬ್ಬಾಕೀನ ಇರ್ತೇನಿ. ಕತ್ತಲಾತಂದ್ರ ನನ್ನ ಎದೀನೂ ಡವಡವ ಅಂತದ. ನೀ ಬಾಗಲಾ ಜಗ್ಗಿ ನೋಡ್ತಿ, ನಾ ಇದನ್ನ ಹಿಡಕೊಂಡು ಕೂಡ್ತೇನಿ. ಅಷ್ಟ ಫರಕು."

ಮರೆಯಲಾಗದ ಆ ಸಂಜೆ ಬೇಸಿಗೆಯ ರಜೆಯಲ್ಲಿ ಬಂತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಅಕ್ಕೋರ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ತರಲು ಒಂದು ಗಳಿಗೆ ಹೋಗಿ ಬಂದರಾಯಿತೆಂದು ಹೊರಬಿದ್ದೆ. ಕೈ ತನ್ನ ರೂಢಿಯಂತೆ ಬಾಗಿಲು ಎಳೆದು ಬೀಗ ಒತ್ತಿತು. ಮಾಳಿಗೆಯ ಮೇಲೆ ಮಾತಿಗೆ ನಿಂತೆವು, ಗಳಿಗೆ ಉದ್ದವಾಯಿತು. ಇಳಿದು ಬಂದು ಬಾಗಿಲ ಮುಂದೆ ನಿಂತಾಗ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಹಾಲು ಉಕ್ಕಿ ಉರಿ ಆರಿಹೋಗಿದೆ, ಗ್ಯಾಸ್ ಹರಿಯುತ್ತಿದೆ. ಸೊಂಟಕ್ಕೆ ಕೈ ಹಾಕಿದೆ. ಕೀಲಿಕೈ ಇರಲಿಲ್ಲ. ಅದು ಒಳಗೆ, ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಅತ್ತೆಯೂ ಒಳಗಿದ್ದರು.

ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಧೂಳು ಬಾರದಿರಲೆಂದು ಹಿಂದಿನ ಕಿಟಕಿಗಳನ್ನೆಲ್ಲ ನಾನೇ ಮುಚ್ಚಿದ್ದೆ. ಕಳ್ಳರಿಗೆಂದು ಹಿತ್ತಲ ಬಾಗಿಲಿಗೆ ಅಗಳಿ ಹಾಕಿ ಒರಳುಕಲ್ಲು ನೂಕಿದ್ದೂ ನಾನೇ. ತೆರೆದಿದ್ದದ್ದು ಸರಳು ಹಾಕಿದ ಮುಂದಿನ ಕಿಟಕಿ ಒಂದೇ. ಅದರ ಆಚೆ ಅತ್ತೆ ಕೂತಿದ್ದರು.

"ಅತ್ತೀ, ಬಾಗಲ ಹಿಂದ ಮೊಳಿಗೆ ಕೀಲಿಕೈ ಐತಿ, ತಂದು ಕೊಡ್ರಿ."

ಎದ್ದು ಹೋಗಿ ತಲೆ ಬಾಚುವ ಹಣಿಗೆ ತಂದು ಕೊಟ್ಟರು. ಮತ್ತೆ ಹೇಳಿದೆ, ಅಡಕೊತ್ತು ತಂದರು. "ಕೀಲಿಕೈರಿ, ಅತ್ತಿ!" ಎಂದು ಕಿರುಚಿದೆ. "ಕೀಲಿಕೈ ಎದಕ್ಕ? ಬಾಗಲಾ ತಗದs ಐತಲ್ಲ" ಎಂದು ಮುಚ್ಚಿದ ಬಾಗಿಲನ್ನು ತೋರಿಸಿದರು.

ಪಕ್ಕದ ಮನೆಯ ಮಲ್ಲಪ್ಪ ಓಡಿ ಬಂದ. ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವವನು, ಕೈಯಲ್ಲಿ ಕಲ್ಲು ಕೊಯ್ಯುವ ಮಷೀನು. "ಸರೀರಿ ಟೀಚರ್, ಒಂದ ನಿಮಿಷದಾಗ ಕೀಲಿ ಕೊಯ್ದು ಒಗೀತೇನಿ."

"ಮಲ್ಲಪ್ಪಾ, ಮಷೀನ್ ಕೆಳಗಿಡು!" ಬೀದಿಯ ಆಚೆಯಿಂದ ಅಕ್ಕೋರ ದನಿ. ಅವರು ಹಾಗೆ ಕೂಗಿದ್ದನ್ನು ನಾವು ಯಾರೂ ಕೇಳಿರಲಿಲ್ಲ. "ಕಿಡಿ ಹಾರಿದ್ರ ಮನೀನೇ ಹೋಗತದ. ಹಾರಿಕೋಲು, ಸುತ್ತಿಗಿ ಏನೂ ಬ್ಯಾಡ. ಕಬ್ಬಿಣಕ್ಕ ಕಬ್ಬಿಣ ಬಡೀಬಾರದು."

ಮಲ್ಲಪ್ಪ ಮಷೀನು ಇಟ್ಟು, ಬೀದಿಯ ತುದಿಗೆ ಹೋಗಿ ನನ್ನ ಯಜಮಾನರಿಗೆ ಫೋನ್ ಹಚ್ಚಿದ. ಅವರು ಇನ್ನೂ ಹುನಗುಂದದಲ್ಲೇ ಬಸ್ಸಿಗೆ ನಿಂತಿದ್ದರು. ಅಗ್ನಿಶಾಮಕದವರಿಗೂ ಫೋನ್ ಹೋಯಿತು. ಬರುತ್ತೇವೆ ಎಂದರು. ಓಣಿಯ ಮನೆಮನೆಯಲ್ಲಿ ಸೀರೆ ನೇಯುತ್ತಿದ್ದ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಆ ಸದ್ದಿಲ್ಲದ ಓಣಿ ನನಗೆ ಇನ್ನಷ್ಟು ದಿಗಿಲು ಹುಟ್ಟಿಸಿತು. ಆಕಾಶ ಕೆಂಪಾಗಿತ್ತು. ಆಗ ನನಗೆ ಹೊಳೆಯಿತು. ಇನ್ನೇನು ಬಾಂಗ್ ಕೂಗುತ್ತದೆ, ಅತ್ತೆ ದೀಪ ಹಚ್ಚಲು ಏಳುತ್ತಾರೆ.

ಅಕ್ಕೋರ ಕಡೆ ನೋಡಿದೆ. ಅವರಿಗೂ ಅದೇ ಹೊಳೆದಿತ್ತು. ಇಡೀ ಓಣಿ ಅಲ್ಲಿ ನಿಂತಿತ್ತು. ಒಮ್ಮೆ ಎಲ್ಲರ ಮುಖ ನೋಡಿದರು. ಆಮೇಲೆ ಚಂಚಿ ಬಿಚ್ಚಿ ಕಡ್ಡಿ ತೆಗೆದು, ಕನ್ನಡಕ ಹಣೆಗೇರಿಸಿ, ನಮ್ಮ ಬಾಗಿಲಿಗೆ ಬಂದರು.

"ನೀ ಅಕೀ ಜೋಡಿ ಮಾತಾಡು. ಕಡ್ಡಿಪೆಟ್ಟಿಗಿ ಇಸಗೋ" ಎಂದರು.

"ಅತ್ತೀ, ಕಡ್ಡಿಪೆಟ್ಟಿಗಿ ಕೊಡ್ರಿ ಇಲ್ಲೆ. ಅವಸರ ಐತಿ."

ಅತ್ತೆಯ ಮುಖ ಗಂಟಾಯಿತು. "ದೀಪಾ ಹಚ್ಚೂ ಹೊತ್ತಿನ್ಯಾಗ ಮನ್ಯಾಗಿಂದು ಹೊರಗ ಕೊಡ್ತಾರೇನ? ಲಕ್ಷ್ಮಿ ಹೋಗ್ತಾಳ. ನಿಮ್ಮವ್ವ ನಿನಗ ಇಷ್ಟೂ ಕಲಿಸಿಲ್ಲ?"

ಬೇಡಿಕೊಂಡೆ, ಕಣ್ಣೀರಿಟ್ಟೆ. ಆಣೆ ಹಾಕಿದೆ. ಅವರು ಕಡ್ಡಿಪೆಟ್ಟಿಗೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡು ನನ್ನನ್ನೇ ಅನುಮಾನದಿಂದ ನೋಡಿದರು.

ಬಾಗಿಲ ಬಳಿ ಅಕ್ಕೋರ ಭುಜ ಕಲ್ಲಾಗಿತ್ತು. ಬೀಗ ಒಂದೀಟು ತಿರುಗಿ ನಿಂತಿದ್ದು ನನಗೂ ಕಂಡಿತು. ನಡು ಸಣ್ಣಿನವಳು ಸಿಕ್ಕಿಕೊಂಡಿದ್ದಳು. ಅಕ್ಕೋರ ಬೆರಳಿನ ಗಿಣ್ಣು ಬೆಳ್ಳಗಾಗಿತ್ತು, ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಬಿಗಿ ಆಗ್ಯದ, ಕೈ ಬಿಗಿ ಆಗ್ಯದ" ಎಂದು ಪಿಸುಗುಟ್ಟುತ್ತಿದ್ದರು. ಒಮ್ಮೆ ಸಡಿಲಿಸಿದರು. ಒಳಗೆ ಎಲ್ಲ ಪಿನ್ನುಗಳೂ ಉದುರಿದ ಸದ್ದಾಯಿತು. ಮೊದಲಿಂದ ಶುರು. ಜನರ ನಡುವೆ ಯಾರೋ ಹೆಂಗಸು ಅಳತೊಡಗಿದಳು.

ಬಾಂಗ್ ಕೂಗಿತು.

"ಹೊತ್ತಾತವ್ವಾ" ಎಂದು ಅತ್ತೆ ಮೊಣಕಾಲು ಹಿಡಿದು ಎದ್ದರು. "ಅತ್ತೀ, ಕೂಡ್ರಿ! ನಿಮ್ಮ ಮಗಾ ಬಂದಾನ, ನೋಡ್ರಿ ಇಲ್ಲೆ!" ಎಂದೆ. ತಿರುಗಿ ನೋಡಲಿಲ್ಲ. ದೇವರ ಕೋಣೆಯತ್ತ ನಡೆದು ಮರೆಯಾದರು. ಕಿಟಕಿಯ ಸರಳಿಗೆ ಮುಖ ಒತ್ತಿ ಒಳಗೆ ಇಣುಕಿದೆ. ಇನ್ನು ಕಡ್ಡಿ ಗೀರುವ ಸದ್ದೊಂದೇ ಬಾಕಿ ಎನ್ನಿಸಿತು.

ಅಕ್ಕೋರನ್ನು ನೋಡಿದೆ. ಅವರು ಕಣ್ಣು ಮುಚ್ಚಿದರು. ಉಸಿರು ಬಿಟ್ಟರು. ಕಟ್ಟೆಯ ಮೇಲೆ ಕೂತಾಗ ಅಲುಗುತ್ತಿದ್ದಂತೆ ತುಟಿ ಅಲುಗಿತು. "ಹೋದ್ರ ಹೋಗವಲ್ದ್ಯಾಕ" ಎಂದದ್ದು ನನಗೆ ಕೇಳಿಸಿತು. ಬೀಗ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿತು, ತಡೆಯಿತು, ಆಮೇಲೆ ಮುಂದಕ್ಕೆ ಸರಿದು ಟಕ್ ಎಂದಿತು.

ನಾನು ಒಳಗೆ ನುಗ್ಗಿದಾಗ ಅತ್ತೆ ಬತ್ತಿ ಸರಿಮಾಡಿ, ಕಡ್ಡಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಹಚ್ಚಿ ಹಿಡಿದಿದ್ದರು. ಆ ಕೈಯನ್ನು ಹಾಗೆಯೇ ಅವುಚಿ ಹಿಡಿದು ಹೊರಗೆ ಎಳೆದು ತಂದೆ. ಮಲ್ಲಪ್ಪ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೋಗಿ ಸಿಲಿಂಡರ್ ಬಂದ್ ಮಾಡಿ, ಹಿತ್ತಲ ಬಾಗಿಲು ತೆಗೆದ.

ಅತ್ತೆ ಬೀದಿಯಲ್ಲಿ ನಿಂತು ಅಳುತ್ತಿದ್ದರು. ದೀಪ ಹಚ್ಚಲಿಲ್ಲವೆಂದು ಅಳು, ನನಗೆ ಬೈಗುಳ. ಅಕ್ಕೋರೇ ಅವರನ್ನು ತಮ್ಮ ಮನೆಗೆ ಕರೆದೊಯ್ದು ದೇವರ ಮುಂದೆ ನಿಲ್ಲಿಸಿದರು. ಅತ್ತೆ ಗೀರಿದ ಮೊದಲ ಕಡ್ಡಿಗೇ ದೀಪ ಹತ್ತಿತು. ಆ ಬೆಳಕಿನಲ್ಲಿ ಅಕ್ಕೋರ ಬಲಗೈ ಕಂಡೆ. ಉಕ್ಕಿನ ಕಡ್ಡಿಗಳು ಇನ್ನೂ ಮುಷ್ಟಿಯಲ್ಲೇ ಇದ್ದವು. ಬೆರಳು ಬಿಡಿಸಲು ಅವರಿಗೆ ಆಗುತ್ತಿರಲಿಲ್ಲ. "ಈಗ ಬಂತು ನೋಡು ತಂಗಿ, ಅಂಜಿಕಿ" ಎಂದು ಗೋಡೆಗೊರಗಿ ಕೂತರು. ನಾನು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವಸರ ಮಾಡಲಿಲ್ಲ.

ಮರುದಿನ ಓಣಿಯವರೆಲ್ಲ ಬಂದು ಅಕ್ಕೋರಿಗೆ ಕೈಮುಗಿದರು. ಅದರ ಮರುವಾರದಿಂದ ಮೊಳೆಗಳ ಮೇಲಿನ ಕೀಲಿಕೈ ಕಡಿಮೆಯಾಗತೊಡಗಿದವು. ಯಾರೂ ಕೆಟ್ಟ ಮಾತಾಡಲಿಲ್ಲ. ಮಗ ಬರುವವನಿದ್ದಾನೆ, ಬೀಗ ಬದಲಿಸಿದ್ದೇವೆ ಎಂದು ಒಬ್ಬೊಬ್ಬರೇ ಒಂದೊಂದು ನೆಪ ಹೇಳಿ ಒಯ್ದರು. ಸಂಜೆ ಕಟ್ಟೆಯ ಮುಂದೆ ಸೈಕಲ್ಲಿನವರು ಗಂಟೆ ಬಾರಿಸಿಯೇ ಹೋಗತೊಡಗಿದರು. ಅಕ್ಕೋರು ಕೂರುವುದನ್ನು ಬಿಟ್ಟರು. ನಾನು ಯಜಮಾನರ ಹತ್ತಿರವಿದ್ದ ನಮ್ಮ ಇನ್ನೊಂದು ಕೀಲಿಕೈ ಇಸಿದುಕೊಂಡು ಹೋಗಿ, ಖಾಲಿ ಗೋಡೆಯ ಮೊಳೆಯೊಂದಕ್ಕೆ ಸಿಗಿಸಿದೆ.

"ನನಗ ಇದು ಯಾಕ ಬೇಕು, ಹುಚ್ಚಿ?" ಎಂದರು ಅಕ್ಕೋರು. ನಗಲು ಹೋಗಿ ಕಣ್ಣೊರೆಸಿಕೊಂಡರು.

"ಇರಲ್ರಿ. ನನಗ ಅಂಜಿಕಿ ಆಗತೈತಿ" ಎಂದೆ.

ಅಕ್ಕೋರು ಓಣಿ ಬಿಟ್ಟು ತಂಗಿಯ ಮನೆಗೆಂದು ಬಾದಾಮಿಗೆ ಹೊರಟಾಗ ಅದನ್ನು ಮರಳಿ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಅತ್ತೆ ತೀರಿಕೊಂಡ ಮೇಲೂ ಪ್ರತಿ ಫೋನಿನಲ್ಲಿ ಅಕ್ಕೋರ ಕೊನೆಯ ಮಾತು ಒಂದೇ, "ನಿನ್ನ ಕೀಲಿಕೈ ಜ್ವಾಕಿ ಅದ, ತಂಗಿ."

"ಆ ಕೀಲಿಕೈ ನಮ್ಮ ಮನೀದು" ಎಂದು ಈಗ ಅಕ್ಕೋರ ತಂಗಿಯ ಮಗಳಿಗೆ ಹೇಳಿದೆ. ಕಳಿಸಲೇನ್ರಿ ಎಂದು ಕೇಳಿದಳು. ಬೇಡ, ನಾನೇ ಬರುತ್ತೇನೆ ಎಂದೆ. ಫೋನ್ ಇಟ್ಟು ಓಣಿಯ ತಿರುವಿನ ತನಕ ನಡೆದೆ, ತಿರುಗಿ ಬಂದೆ, ಬೀಗ ಜಗ್ಗಿ ನೋಡಿದೆ. ಗಟ್ಟಿಯಾಗಿಯೇ ಇತ್ತು. ಕೀಲಿಕೈ ಇಲ್ಲದೆ ಅದನ್ನು ತೆಗೆಯಬಲ್ಲ ಕೈ ಇನ್ನಿರಲಿಲ್ಲ. ಅಷ್ಟು ಗಟ್ಟಿಯಾಗಿದ್ದದ್ದಕ್ಕೇ ಈ ಸಲ ನನಗೆ ಹೆದರಿಕೆಯಾಯಿತು.